ಕರಡಿಗೆಯೊಳಗಿನ ಚಿಪ್ಪು

ಆ ಭಾನುವಾರ ಅಕ್ಕ ಹಾಡಹಗಲಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದಳು. ಕರೆಂಟು ಇತ್ತು, ಕಿಟಕಿಯಲ್ಲಿ ಬಿಸಿಲೂ ಇತ್ತು. ನಾನು ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಸೊರಬಕ್ಕೆ ಬಂದಿದ್ದೆ. ಕೈಯಲ್ಲಿ ರೊಟ್ಟಿಯ ಡಬ್ಬಿ ಇತ್ತು. ಅವಳ ಬಾಡಿಗೆ ಕೋಣೆಯಲ್ಲಿ ಅದನ್ನಿಡಲು ಎಂದಿನಂತೆ ಜಾಗವಿರಲಿಲ್ಲ.

"ಯಾರ ಹುಟ್ಟುಹಬ್ಬಾನೇ?" ಅಂದೆ.

"ಫ್ಯಾನ್ ಹಾಕ್ಬೇಡ. ಜೋರಾಗಿ ಉಸಿರೂ ಬಿಡ್ಬೇಡ. ಅಲ್ಲೇ ನಿಂತ್ಕೋ."

ಅವಳ ಮುಂದೆ ಔಷಧಿ ತುಂಬುವಂಥ ಪಾರದರ್ಶಕ ಕ್ಯಾಪ್ಸೂಲು ಒಂದಿತ್ತು. ನನ್ನ ಕಣ್ಣಿಗೆ ಅದು ಖಾಲಿಯೇ. ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ಅಮ್ಮನ ಕರಡಿಗೆಯೊಳಗಿಟ್ಟು, ಮುಚ್ಚಳ ಒತ್ತಿ, ಸಂದಿನ ಸುತ್ತ ಮೇಣ ತೊಟ್ಟಿಕ್ಕಿಸಿದಳು. ಮೇಣ ಆರಿದ ಮೇಲೆ ಉಗುರಿನಿಂದ ಸವರಿ ನುಣುಪು ಮಾಡಿದಳು.

ಕರಡಿಗೆ ಅಂದರೆ ನಮ್ಮವರು ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಡಬ್ಬಿ. ಕೋಳಿಮೊಟ್ಟೆಗಿಂತ ಸ್ವಲ್ಪ ಸಣ್ಣದು. ಅಮ್ಮ ತೀರಿಕೊಂಡಾಗ ಅವಳ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಮಣ್ಣು ಮಾಡಿದ್ದರು. ಖಾಲಿ ಕರಡಿಗೆ ಮನೆಗೆ ವಾಪಸು ಬಂದಿತ್ತು. ಅದು ತನಗಿರಲಿ ಎಂದು ಅಕ್ಕ ಕೇಳಿದಾಗ ದೊಡ್ಡಮ್ಮ ಹುಬ್ಬೇರಿಸಿದ್ದಳು. ಅಕ್ಕ ಹಾಸ್ಟೆಲಿನಲ್ಲಿದ್ದಾಗಲೇ ತನ್ನ ಲಿಂಗ ತೆಗೆದಿಟ್ಟವಳು. ಎಲ್ಲಿಟ್ಟಳೆಂದು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅದು ಮುಗಿಯದ ಜಗಳ.

"ಅಮ್ಮ ನೋಡಿದ್ರೆ ಏನಂತಿದ್ಲು?" ಅಂದೆ.

"ಅಮ್ಮ ಇದ್ರೊಳಗೆ ಲವಂಗ ಇಟ್ಕೊಂತಿದ್ಲು, ಮರ್ತ್ಯಾ? ಬಸ್ಸಿನಾಗೆ ವಾಂತಿ ಬರ್ತೈತೆ ಅಂತ. ಲವಂಗಕ್ಕೆ ಜಾಗ ಕೊಟ್ಟೋಳು ಇದಕ್ಕೆ ಕೊಡಲ್ವಾ?" ಅಂದಳು. "ಇದನ್ನ ಇಡಾಕೆ ತರಿಸಿದ ಪೆಟ್ಟಿಗೆ ಇನ್ನೂ ಬಂದಿಲ್ಲ. ರಟ್ಟಿಗೆ ಅಂಟಿಸಿಟ್ರೆ ಈ ಊರಿನ ಗಾಳಿಗೆ ಅಂಟಿಗೂ ಬೂಷ್ಟು ಹಿಡೀತೈತೆ. ಬೂಷ್ಟು ಬಿಟ್ರೆ ಆ ಅಂಟನ್ನ ಇರುವೆ ತಿಂತಾವೆ. ಬೆಳ್ಳಿ ಡಬ್ಬೀನ ಯಾವ ಇರುವೆ ತಿಂತೈತೆ ನೋಡಾಣ."

ಒಳಗಿದ್ದದ್ದು ಒಂದು ಚಿಪ್ಪು. ಗಸಗಸೆ ಕಾಳಿನ ಅರ್ಧದಷ್ಟು. ಅಕ್ಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಉಳಿದ ಹೊತ್ತೆಲ್ಲ ಇಂಥ ಚಿಪ್ಪುಗಳಿಗೆ. ಅವನ್ನು ಕಟ್ಟುವ ಜೀವಿಗೆ ಇರುವುದು ಒಂದೇ ಒಂದು ಜೀವಕೋಶ. ಕಣ್ಣಿಲ್ಲ, ಬಾಯಿಲ್ಲ, ಹೊಟ್ಟೆಯೂ ಇಲ್ಲ. ಆದರೂ ಅದು ಸಮುದ್ರದ ನೀರಿನಿಂದ ಸುಣ್ಣ ಹೀರಿ ತನಗೊಂದು ಮನೆ ಕಟ್ಟಿಕೊಳ್ಳುತ್ತದೆ. ಮೈ ಬೆಳೆದಾಗ ಪಕ್ಕದಲ್ಲಿ ಇನ್ನೊಂದು ಕೋಣೆ, ಆಮೇಲೆ ಅದರ ಪಕ್ಕ ಮತ್ತೊಂದು. ಕೋಣೆಗಳು ಸುತ್ತಿಕೊಂಡು ಬಸವನಹುಳದ ಸುರುಳಿಯ ಹಾಗೆ ಕಾಣುತ್ತವೆ. ಇಂಥವುಗಳಲ್ಲಿ ಒಂದು ಕುಲಕ್ಕೆ ಅಮೋನಿಯಾ ಎಂದು ಹೆಸರು. ಅಕ್ಕ ಮೊದಲ ಸಲ ಹೇಳಿದಾಗ ಚಿಕ್ಕಪ್ಪ, "ಗೊಬ್ಬರದ್ದಾ? ನಮ್ಮ ಸೊಸೈಟಿಗೆ ಬಂದೈತಲ್ಲ," ಅಂದಿದ್ದ. ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡಿರುವುದರಿಂದ ಯಾವುದೋ ಹಳೆಯ ಕಾಲದ ಟಗರುಕೊಂಬಿನ ದೇವರ ಹೆಸರು ಅಂತ ಅವಳು ವಿವರಿಸಿದಳು. "ದೇವರ ಹೆಸರಾದ್ರೆ ಸರಿ ಬಿಡವ್ವ," ಅಂದ ಚಿಕ್ಕಪ್ಪ.

ಅವಳ ತಕರಾರು ಏನೆಂದರೆ, ಆ ಕುಲದಲ್ಲಿ ಎಷ್ಟು ಪ್ರಭೇದಗಳಿವೆ ಎಂಬುದೇ ತೀರ್ಮಾನವಾಗಿರಲಿಲ್ಲ. ಕೆಲವರು ನಾಕಾರು ಅನ್ನುತ್ತಿದ್ದರು, ಕೆಲವರು ಡಜನುಗಟ್ಟಲೆ. ಅವಳ ಗೈಡ್ ಮೇಷ್ಟ್ರು ಕರಾವಳಿಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಒಮ್ಮೆ ಉಪ್ಪು, ಒಮ್ಮೆ ಸಿಹಿ. ನೀರು ಬದಲಾದ ಹಾಗೆ ಚಿಪ್ಪಿನ ಆಕಾರ ಬದಲಾಗುತ್ತದೆ. ಅದನ್ನೇ ನೋಡಿ ಬೇರೆ ಬೇರೆ ಹೆಸರಿಡುವುದು ಹುಚ್ಚು ಎಂಬುದು ಅವರ ಮಾತು. ಅಕ್ಕ ಹೌದು ಅನ್ನುತ್ತಿದ್ದಳು. ಹೌದು, ಆದರೆ ಇದೊಂದು ಅದಲ್ಲ.

ಒಮ್ಮೆ ನನಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಳು. ಎಲ್ಲ ಚಿಪ್ಪುಗಳ ತಳದ ನಡುವೆ ಅಂಗಿಗೆ ಗುಂಡಿ ಹೊಲಿದಂತೆ ಒಂದು ಉಬ್ಬು. ಒಂದರಲ್ಲಿ ಮಾತ್ರ ಇಲ್ಲ. ಶಿಕಾರಿಪುರದಲ್ಲಿ ನನ್ನದು ಹೊಲಿಗೆ ಅಂಗಡಿ, ಪಿಯುಸಿಗೆ ಓದು ನಿಲ್ಲಿಸಿದವಳು ನಾನು. ನನಗೆ ಹೊಳೆದದ್ದು ಹೇಳಿದೆ.

"ಗುಂಡಿ ಉದುರಿ ಹೋಗಿರ್ಬೇಕು."

"ಉದುರಿದ್ರೆ ಗುರುತು ಇರ್ತಿತ್ತು. ನೋಡು, ನುಣ್ಣಗೈತೆ. ಕೋಣೆ ಕೋಣೆ ಸೇರೋ ಜಾಗದಾಗೆ ಸಣ್ಣ ತೂತು ಅದಾವೆ. ಇದಕ್ಕೆ ಗುಂಡೀನೇ ಇರ್ಲಿಲ್ಲ. ಇದರ ಅವ್ವನಿಗೂ ಇರ್ಲಿಲ್ಲ."

"ಅವರವ್ವನ್ನ ನೀನು ಕಂಡಿದ್ಯಾ?"

"ಹುಡುಕಾಕೆ ಹತ್ತಿದೀನಿ," ಅಂದಳು.

ಅದನ್ನು ಅವಳು ಹುಡುಕಿದ್ದು ಡಿಎನ್‌ಎಯಲ್ಲಿ. ರಜೆ ಬಂದಾಗೆಲ್ಲ ಘಟ್ಟ ಇಳಿದು, ಅಳಿವೆಯ ಒಂದೇ ದಂಡೆಯ ಕೆಸರು ತರುತ್ತಿದ್ದಳು. ಕುಂಚದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ, ಮರಳಿನ ನಡುವಿಂದ ಒಂದೊಂದೇ ಚಿಪ್ಪು ಎತ್ತುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸುವಾಗ ಮಾಡುವಂತೆಯೇ. ಗುಂಡಿ ಇಲ್ಲದ್ದು ಸಿಗುತ್ತಿದ್ದದ್ದು ಬೆರಳೆಣಿಕೆಯಷ್ಟು. ಡಿಎನ್‌ಎ ತೆಗೆಯಬೇಕಾದರೆ ಚಿಪ್ಪು ಒಡೆದು ಕರಗಿಸಬೇಕು. ಹಾಗೆ ಒಂದೊಂದಾಗಿ ಹೋದವು. ಇದು ಬೇರೆಯೇ ಪ್ರಭೇದ ಎಂದು ಕೊನೆಗೂ ಪರೀಕ್ಷೆಯಲ್ಲಿ ಬಂತು. ಮೇಷ್ಟ್ರು ಕೂಡ ಫೋನಿನಲ್ಲಿ, "ಸರಿ ಮಾರಾಯ್ತಿ, ಗೆದ್ದೆ ನೀನು," ಅಂದರಂತೆ. ಆ ಹೊತ್ತಿಗೆ ಒಡೆಯದೆ ಉಳಿದಿದ್ದದ್ದು ಒಂದೇ ಚಿಪ್ಪು.

"ಫೋಟೋ ತೆಗ್ದಿದೀಯಲ್ಲ, ಅದು ಸಾಲಲ್ವಾ?" ಎಂದು ಆ ಭಾನುವಾರ ರೊಟ್ಟಿ ತಿನ್ನುತ್ತ ಕೇಳಿದೆ.

"ಸಾಲಲ್ಲ. ಹೆಸರು ಅಂದ್ರೆ ಕಾಗದದ ಮ್ಯಾಲೆ ಬರ್ಯೋದಲ್ಲ. ಒಂದು ಚಿಪ್ಪಿಗೆ ಕಟ್ಟಬೇಕು. ಆ ಚಿಪ್ಪು ಮ್ಯೂಸಿಯಮ್ಮಿನಾಗೆ ಇರ್ಬೇಕು. ನಾವೆಲ್ಲ ಸತ್ತ ಮ್ಯಾಲೆ ಯಾವನಿಗೋ ಅನುಮಾನ ಬರ್ತೈತೆ ಅನ್ಕೋ, ಅವನು ಹೋಗಿ ಅದನ್ನೇ ನೋಡ್ಬೇಕು. ಅದಿಲ್ದಿದ್ರೆ ಹೆಸರು ನಿಲ್ಲಲ್ಲ. ಬುಧವಾರ ಮೇಷ್ಟ್ರೇ ಬಂದು ತಗೊಂಡು ಹೋಗ್ತಾರೆ."

"ಏನು ಹೆಸರು ಇಟ್ಟೀ?"

"ಅದು ಹೋಗಿ ಮುಟ್ಲಿ, ಆಮೇಲೆ ಹೇಳ್ತೀನಿ. ನಿನ್ನ ಹೆಸರಂತೂ ಅಲ್ಲ, ಹಿಗ್ಗಬೇಡ."

ಸಂಜೆ ಬಸ್ಸಿಗೆ ಹತ್ತಿಸಲು ಬಂದಳು. ಕಿಟಕಿಯ ಹತ್ತಿರ ನಿಂತು, ಮುಂದಿನ ವಾರ ಎಣಗಾಯಿಗೆ ಖಾರ ಕಡಿಮೆ ಹಾಕು ಅಂದಳು. ಅದು ಅವಳು ನನಗೆ ಹೇಳಿದ ಕೊನೆಯ ಮಾತು.

ಮರುದಿನ ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ಕುಸಿದು ಬಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಅವಳನ್ನು ನಮ್ಮೂರು ತೊಗರ್ಸಿಗೆ ತಂದರು. ಅಲ್ಲಿ ಚಿಕ್ಕಪ್ಪನ ಹೊಲದ ಅಂಚಿನಲ್ಲಿ ನಮ್ಮ ಮನೆತನದವರನ್ನು ಮಣ್ಣು ಮಾಡುವ ಜಾಗ. ಮೆಕ್ಕೆಜೋಳ ಕಟಾವಾಗಿ ಕೂಳೆ ಮಾತ್ರ ನಿಂತಿತ್ತು. ಅಂಗಳದಲ್ಲಿ ಅವಳನ್ನು ಕುಳ್ಳಿರಿಸಿ ವಿಭೂತಿ ಬಳಿದಾಗ ಹೆಂಗಸರ ನಡುವೆ ಪಿಸುಮಾತು ಶುರುವಾಯಿತು. ನನಗೆ ಕೇಳಿಸಲಿ ಎಂದೇ ಇತ್ತೋ, ಕೇಳಿಸದಿರಲಿ ಎಂದಿತ್ತೋ.

"ಮೈಮ್ಯಾಲೆ ಲಿಂಗಾನೇ ಇಲ್ಲಲ್ರೀ."

"ಓದಿದೋರಲ್ವಾ. ಓದಿದೋರಿಗೆ ಯಾಕೆ."

"ಮದುವೇನೂ ಇಲ್ಲ, ಲಿಂಗಾನೂ ಇಲ್ಲ. ಯಾವ ಲೆಕ್ಕಕ್ಕೆ ಸೇರಿಸ್ಬೇಕೋ."

ದೊಡ್ಡಮ್ಮ ಅವರತ್ತ ತಿರುಗಿ, "ಲಿಂಗ ಐತೆ. ಬಾಯಿ ಮುಚ್ಚಿಕೊಂಡು ಕುಂದ್ರಿ," ಅಂದಳು. ಅವಳ ಕೈ ಸೊಂಟದ ಸಂಚಿಯ ಮೇಲಿತ್ತು. ಅದೊಂದು ಕೇಳಿಸಿತು, ಕಾಣಿಸಿತು. ಅದರ ಅರ್ಥ ಹುಡುಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ತೋಡಿದ ಗುಂಡಿಯ ಹತ್ತಿರ ಗಂಡಸರ ಬೆನ್ನುಗಳು. ನಮ್ಮನ್ನು ಹುಣಸೆ ಮರದ ಬುಡದಲ್ಲಿ ನಿಲ್ಲಿಸಿದ್ದರು. ಅಯ್ಯನವರ ಮಂತ್ರ ಕೇಳುತ್ತಿತ್ತು. ನಡುವೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಆಮೇಲೆ ಪತ್ರೆ, ಉಪ್ಪು, ಮಣ್ಣು.

ಬುಧವಾರ ಮೇಷ್ಟ್ರು ಬಂದರು. ಬರಬೇಕೆಂದಿದ್ದ ದಿನವೇ, ಬೇರೆ ಕಾರಣಕ್ಕೆ. ತೊಗರ್ಸಿಯ ನಮ್ಮ ಜಗುಲಿಯಲ್ಲಿ ಕೂತಿದ್ದು, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಕೇಳಲಿಕ್ಕೆ ಸಂಕಟ ಆಗ್ತದೆ ತಂಗಿ. ಆ ಒಂದು ಚಿಪ್ಪು ಎಲ್ಲಿಟ್ಟಿದ್ಲು ಗೊತ್ತುಂಟಾ?" ಅಂದರು.

ನನಗೆ ಗೊತ್ತಿತ್ತು. ನಾನೇ ಅವರನ್ನು ಸೊರಬಕ್ಕೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಮೇಣದಬತ್ತಿಯ ತುಂಡು ಹಾಗೇ ಇತ್ತು. ಕರಡಿಗೆ ಇರಲಿಲ್ಲ. ಕಪಾಟು, ಹಾಸಿಗೆ, ಬ್ಯಾಗು ಎಲ್ಲ ಜಾಲಾಡಿದ ಮೇಲೆ ಕೆಳಗಿನಿಂದ ಮನೆಯ ಒಡತಿ ಬಂದರು.

"ಎಂತ ಹುಡುಕ್ತಿದ್ದಿ? ಆ ಬೆಳ್ಳೀದನ್ನಾ? ನಿಮ್ಮ ದೊಡ್ಡಮ್ಮ ಸೋಮವಾರ ಅವಳಿಗೆ ಉಡಿಸೋ ಸೀರೆ ತಗೊಂಡು ಹೋಗೋಕೆ ಬಂದಾಗ ಅದನ್ನೂ ತಗೊಂಡ್ರಲ್ಲೇ. ಕಣ್ಣಿಗೆ ಒತ್ಕೊಂಡು, 'ನಮ್ಮ ಹುಡುಗಿ ಲಿಂಗ ಬಿಟ್ಟಿರಲಿಲ್ಲ' ಅಂತ ಅತ್ರು ಮಾರಾಯ್ತಿ. ನಂಗೇ ತಡೀಲಿಕ್ಕಾಗಲಿಲ್ಲ."

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ದೊಡ್ಡಮ್ಮನ ಸಂಚಿಯಲ್ಲಿದ್ದದ್ದು ಅದೇ, ಲಿಂಗವೆಂದು ಅಕ್ಕನ ಕೈಯಲ್ಲಿಟ್ಟು ಮಣ್ಣು ಮಾಡಿದ್ದಾರೆ ಎಂದು ನಾನು ಹೇಳಿದೆ. ಅವರು ಅಕ್ಕನ ಕುರ್ಚಿಯಲ್ಲಿ ಕೂತರು.

"ಹೊರಗೆ ತೆಗೆಯೋದು..." ಎಂದು ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಕಿಟಕಿಯತ್ತ ತಿರುಗಿ, ನಿಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಹುಳಿ ಜಾಸ್ತಿ, ಸುಣ್ಣದ ಚಿಪ್ಪು ನಿಲ್ಲುವುದಿಲ್ಲ, ಮೇಣ ಇರುವಷ್ಟು ದಿನ ಇದ್ದೀತು ಅಂದರು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಅಂದಿನಿಂದ ಮಳೆ ಬಂದಾಗೆಲ್ಲ ನನಗೆ ಆ ಮೇಣದ ಯೋಚನೆ.

ಹೆಸರಿನ ವಿಷಯ ಕೇಳಿದೆ. ಲೇಖನದ ಕರಡನ್ನು ಅಕ್ಕ ಅವರಿಗೂ ಕಳಿಸಿದ್ದಳು. ಹೆಸರಿರಬೇಕಾದ ಕಡೆಯಲ್ಲೆಲ್ಲ ಚುಕ್ಕೆ ಹಾಕಿದ್ದಳು. ಅವರಿಗೂ ಆಮೇಲೆ ಹೇಳುತ್ತೇನೆ ಅಂದಿದ್ದಳಂತೆ.

ಹನ್ನೊಂದನೇ ದಿನ ಆರಾಧನೆ. ಊಟ ಮುಗಿದು ನೆಂಟರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮ ಬಂದವರಿಗೆಲ್ಲ ಅದೇ ಕಥೆ ಹೇಳುತ್ತಿದ್ದಳು: ಜನ ಏನೇನೋ ಅಂದುಕೊಂಡಿದ್ದರು, ಆದರೆ ಹುಡುಗಿ ತನ್ನ ಲಿಂಗವನ್ನು ಅವ್ವನ ಕರಡಿಗೆಯಲ್ಲೇ ಕಾಪಾಡಿಕೊಂಡಿದ್ದಳು, ಮೇಣ ಹಚ್ಚಿ, ಯಾರಿಗೂ ತೋರಿಸದೆ. ಕೇಳಿದವರು ತಲೆದೂಗುತ್ತಿದ್ದರು. ಬದುಕಿದ್ದಾಗ ಅವಳ ಕೈಯ ನೀರು ಕುಡಿಯಲು ಹಿಂದೆಮುಂದೆ ನೋಡಿದ ಹೆಂಗಸೊಬ್ಬಳು ಈಗ, "ಶರಣೆ ಬಿಡ್ರಿ," ಅಂದಳು. ಬದುಕಿದ್ದಾಗ ಯಾವ ಲೆಕ್ಕಕ್ಕೂ ಸೇರದವಳು, ಒಂದು ಡಬ್ಬಿಯ ಹೊರಮೈ ನೋಡಿ, ಹನ್ನೊಂದು ದಿನದಲ್ಲಿ ಶರಣೆಯಾಗಿದ್ದಳು.

ನಾನು ಚಿಕ್ಕಪ್ಪನನ್ನು ಹಿತ್ತಿಲಿಗೆ ಕರೆದು ಎಲ್ಲ ಹೇಳಿದೆ. ಕರಡಿಗೆಯಲ್ಲಿ ಲಿಂಗ ಇಲ್ಲ, ಸಮುದ್ರದ ಚಿಪ್ಪಿದೆ, ಅದಿಲ್ಲದೆ ಅಕ್ಕನ ಇಷ್ಟು ವರ್ಷದ ಕೆಲಸ ನಿಲ್ಲುವುದಿಲ್ಲ, ಇನ್ನೂ ತಡವಾಗಿಲ್ಲ, ತೆಗೆಸು ಅಂದೆ.

"ತಲೆ ನೆಟ್ಟಗೈತೇನೆ ನಿಂಗೆ? ಸಮಾಧಿ ಕೆದಕಾಕೆ ಹೇಳ್ತೀಯಾ? ಒಂದು ಹುಳದ ಚಿಪ್ಪಿಗೆ?"

"ಹುಳ ಅಲ್ಲ."

"ಏನಾದ್ರೂ ಆಗ್ಲಿ. ಅಂಥವು ಸಮುದ್ರದಾಗೆ ರಾಶಿ ಅದಾವೆ."

ಬಾಗಿಲ ಹಿಂದೆ ದೊಡ್ಡಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಹಂಗಾರೆ ಅಕಿ ಕೈಯಾಗೆ ಲಿಂಗ ಇಲ್ವೇನೆ?" ಅಂದಳು.

ಇಲ್ಲ ಅಂದೆ. ಸುಳ್ಳು ಹೇಳಬಹುದಿತ್ತು ಎಂದು ಆಮೇಲೆ ಎಷ್ಟೋ ಜನ ಅಂದರು. ನನಗೆ ಹಾಗೆ ಅನ್ನಿಸಿಲ್ಲ, ಇವತ್ತಿಗೂ.

ದೊಡ್ಡಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು, ಅಕ್ಕ ಸತ್ತ ದಿನವೂ ಅಳದಷ್ಟು ಅತ್ತಳು. ಹುಡುಗಿಯನ್ನು ಬರಿಗೈಯಲ್ಲಿ ಕಳಿಸಿದೆನಲ್ಲ ಎಂಬುದೊಂದೇ ಅವಳ ಮಾತು. ಆಗ ಚಿಕ್ಕಪ್ಪನ ದನಿ ಬದಲಾಯಿತು. ಚಿಪ್ಪಿಗಾಗಿ ಮುಟ್ಟಲಾಗದ ಸಮಾಧಿಯನ್ನು ಲಿಂಗಕ್ಕಾಗಿ ತೆಗೆಯಬಹುದೇನೋ ಎಂದು ಅವನಿಗೆ ಅನ್ನಿಸಿತ್ತು. "ಅಯ್ಯನವರನ್ನ ಕೇಳಾಣ," ಅಂದ. ಯಾವ ಕಾರಣಕ್ಕಾದರೇನು, ತೆಗೆದರೆ ಸಾಕು. ಅಷ್ಟು ಕೆಳಗೆ ಇಳಿದು ಆಸೆಪಟ್ಟಿದ್ದೆ.

ಅಯ್ಯನವರು ವಯಸ್ಸಾದವರು. ಗೋಡೆಗೆ ಒರಗಿಕೊಂಡು ಕೂತಿದ್ದವರು ಪೂರ್ತಿ ಕೇಳಿಸಿಕೊಂಡರು, ಕೋಪಿಸಿಕೊಳ್ಳಲಿಲ್ಲ.

"ಮುಚ್ಚಳ ತೆಗೀಬೇಕಂತ ನಾನೂ ನೋಡಿದೆ," ಅಂದರು. "ಬರ್ಲಿಲ್ಲ. ಮೇಣ ಹಿಡಿದಿತ್ತು. ಮಂತ್ರ ನಿಲ್ಲಿಸಿ ಎಷ್ಟೊತ್ತಂತ ಎಳಿದಾಡ್ಲಿ? ಬೆಳ್ಳಿ ಹೋದ್ರೆ ಹೋಗ್ಲಿ, ಹಂಗೇ ಇಡ್ರಿ ಅಂದೆ."

"ಈಗೇನು ಮಾಡ್ಬೇಕ್ರೀ ಅಜ್ಜಾರೆ?" ಅಂದ ಚಿಕ್ಕಪ್ಪ.

"ಏನೂ ಮಾಡಂಗಿಲ್ಲ. ಲಿಂಗ ಅಂತ ತಿಳಿದು ಕೈಯಾಗಿಟ್ಟೀವಿ. ಮಂತ್ರ ಆಗೈತೆ, ಮಣ್ಣು ಆಗೈತೆ. ಇಟ್ಟ ಮ್ಯಾಲೆ ಅದು ಲಿಂಗಾನೇ. ಇನ್ನು ಬ್ಯಾರೆ ಹೆಸರು ಹೇಳಬಾರದು."

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕಾಲು ಮುಟ್ಟಿದಳು. ಚಿಕ್ಕಪ್ಪ ಸಮಾಧಾನದ ಉಸಿರು ಬಿಟ್ಟ. ಅವರೆಲ್ಲರಿಗೆ ಅದು ಕರುಣೆಯ ಮಾತು, ನನಗೂ ಗೊತ್ತು. ಅಕ್ಕ ವರ್ಷಗಟ್ಟಲೆ ಕಣ್ಣು ಸವೆಸಿ ಇದು ಬೇರೆ ಎಂದು ಬಿಡಿಸಿಟ್ಟದ್ದನ್ನು ಅವರು ಗೋಡೆಗೆ ಒರಗಿದಲ್ಲೇ ಒಂದು ಮಾತಿನಲ್ಲಿ ಸೇರಿಸಿ ಮುಗಿಸಿದರು.

ಅಂಥದೇ ಇನ್ನೊಂದು ಚಿಪ್ಪು ಹುಡುಕಲು ಕೊನೆಗೆ ಉಳಿದದ್ದು ಅಳಿವೆ. ಮೇಷ್ಟ್ರ ಜೊತೆ ಘಟ್ಟ ಇಳಿದು ಹೋದೆ. ಅಕ್ಕ ಕೆಸರು ತೆಗೆಯುತ್ತಿದ್ದ ದಂಡೆಯನ್ನು ಕಲ್ಲು ತುಂಬಿ ಎತ್ತರ ಮಾಡಿದ್ದರು. ದೋಣಿ ಕಟ್ಟುವ ಕಟ್ಟೆಯಂತೆ. ಆಚೀಚೆಯ ಕೆಸರನ್ನೇ ಬಾಟಲಿಗಳಲ್ಲಿ ತುಂಬಿಕೊಂಡು ಬಂದೆವು. ಮೇಷ್ಟ್ರು ತಿಂಗಳುಗಟ್ಟಲೆ ಅದನ್ನು ಸೋಸಿ ನೋಡಿದರು. ಎಲ್ಲದಕ್ಕೂ ಗುಂಡಿ ಇತ್ತು.

ಆಮೇಲೆ ಒಂದು ದಿನ ಅವರ ಫೋನು. ಲೇಖನವನ್ನು ಹಾಗೇ ಬಿಡುವುದಕ್ಕಿಂತ ಹಳೆಯ ಪ್ರಭೇದದ ಒಂದು ರೂಪ ಎಂದು ಬರೆದು ಕಳಿಸಿದರೆ ಪತ್ರಿಕೆಯವರು ತೆಗೆದುಕೊಳ್ಳುತ್ತಾರೆ ಅಂದರು.

"ಅವಳು ಅದಲ್ಲ ಅಂತಿದ್ಲಲ್ಲ," ಅಂದೆ.

"ಹೌದು ತಂಗಿ. ಆದ್ರೆ ತೋರಿಸಲಿಕ್ಕೆ ಏನುಂಟು ಹೇಳು? ಅವಳ ಹೆಸರು ಕೃತಜ್ಞತೆಯಲ್ಲಿ ಹಾಕ್ತೇನೆ."

ಒಳ್ಳೆಯ ಮನುಷ್ಯ. ಗೆದ್ದೆ ನೀನು ಅಂದದ್ದನ್ನು ಅವರು ಮರೆತಿರಲಾರರು. ಆದರೆ ಸತ್ತವಳ ಗೆಲುವು ಅವರಿಗೂ ಭಾರವಾಗಿತ್ತೇನೋ. ನಾನು ಬೇಡ ಅಂದೆ. ಅವರು ಇದುವರೆಗೂ ಕಳಿಸಿಲ್ಲ. ಕಳಿಸಿದರೆ ನನಗೆ ಹೇಗೆ ಗೊತ್ತಾಗುತ್ತದೆ ಎಂಬುದೂ ನಿಜ.

ಅಂಗಡಿಯಲ್ಲಿ ದಾರದ ತುದಿ ನಾಲಿಗೆಗೆ ಮುಟ್ಟಿಸುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತದೆ. ಕಾಯುತ್ತ ಕೂತವರು, "ಏನಾತ್ರೀ?" ಅನ್ನುತ್ತಾರೆ. ಏನಿಲ್ಲ ಅನ್ನುತ್ತೇನೆ. ಹಬ್ಬಕ್ಕೆ ತೊಗರ್ಸಿಗೆ ಹೋದಾಗ ದೊಡ್ಡಮ್ಮ ಸಮಾಧಿಗೆ ವಿಭೂತಿ ಹಚ್ಚಿ, ಪತ್ರೆ ಇಟ್ಟು, ನನ್ನನ್ನೂ ಕರೆಯುತ್ತಾಳೆ. ಅವಳ ಮನಸ್ಸು ಈಗ ತಣ್ಣಗಿದೆ. ಸುತ್ತ ಮತ್ತೆ ಮೆಕ್ಕೆಜೋಳ ಎದ್ದಿರುತ್ತದೆ. ಅಕ್ಕನನ್ನು ನೆನೆದು ಅಲ್ಲಿ ಅಳಬೇಕೆಂದು ನಿಲ್ಲುತ್ತೇನೆ, ಆದರೆ ಲೆಕ್ಕ ಹಾಕುವುದು ಮೇಣದ್ದೇ: ಎಷ್ಟು ಮಳೆ ಆಯಿತು, ಎಷ್ಟು ಉಳಿದಿರಬಹುದು. ನನ್ನ ದುಃಖವನ್ನೂ ಅವರೆಲ್ಲ ಸೇರಿ ಮೇಣದ ಲೆಕ್ಕ ಮಾಡಿಬಿಟ್ಟರು.

ಮ್ಯೂಸಿಯಮ್ಮಿನಲ್ಲಿ ಆ ಚಿಪ್ಪಿಲ್ಲ. ಆ ಜೀವಿಗೆ ಹೆಸರಿಲ್ಲ. ಅಕ್ಕ ಏನು ಹೆಸರಿಡಬೇಕೆಂದಿದ್ದಳೋ ನನಗೆ ಇನ್ನೂ ಗೊತ್ತಿಲ್ಲ.